ಐವತ್ತಕ್ಕೆ ನಲವತ್ತೊಂದು

ತುಮಕೂರು ಬಳಿಯ ಅಂತರಸನಹಳ್ಳಿಯ ಒಂದು ಪಂಪ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಶಿವರಾಮಯ್ಯ ಇಪ್ಪತ್ತೆಂಟು ವರ್ಷದಿಂದ ಸ್ಟೋರ್ ಕೀಪರ್. ಸ್ಪ್ಯಾನರು, ಡ್ರಿಲ್ಲು, ಕೈಗವಸು, ಗ್ರೀಸ್ ಡಬ್ಬ ಎಲ್ಲವೂ ಅವರ ಕಿಟಕಿಯಿಂದಲೇ ಹೊರಗೆ ಹೋಗಬೇಕು. ಹೋಗುತ್ತಿದ್ದವು. ವಾಪಸ್ ಬರುವುದು ಅಪರೂಪ. ರಿಜಿಸ್ಟರಿಗೆ ಸಹಿ ಹಾಕಿ ಎಂದು ಅವರು ಕೇಳುತ್ತಿದ್ದ ಧಾಟಿಯೇ ಹಾಗಿತ್ತು, ಕೇಳಿಸಿಕೊಂಡವರಿಗೆ ಅವರು ಕ್ಷಮೆ ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. "ಆಮೇಲೆ ಹಾಕ್ತೀನಿ ಬುಡಣ್ಣ" ಎಂದು ಹುಡುಗರು ಸ್ಪ್ಯಾನರನ್ನು ಹೆಗಲಿಗಿಟ್ಟುಕೊಂಡು ನಡೆಯುತ್ತಿದ್ದರು. ಕಾರ್ಖಾನೆಯಲ್ಲಿ ಪ್ರಥಮ ಚಿಕಿತ್ಸೆಯ ಡಬ್ಬವೂ ಅವರ ಬಳಿಯೇ ಇತ್ತು. ಯಾರು ಬೆರಳು ಕುಯ್ದುಕೊಂಡರೂ ಓಡಿ ಹೋಗಿ ಪಟ್ಟಿ ಕಟ್ಟುವವರು ಅವರೇ.

ಅವರ ಊರು ಕಡಬ. ಬೆಳಗ್ಗೆ ಆರೂವರೆ ಬಸ್ಸಿಗೆ ಗುಬ್ಬಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ತುಮಕೂರು. ಬಸ್ಸಿನಲ್ಲಿ ಯಾರಾದರೂ "ಸ್ವಲ್ಪ ಜರುಗಿ" ಎಂದರೆ ಶಿವರಾಮಯ್ಯ ಎದ್ದೇ ನಿಂತುಬಿಡುತ್ತಿದ್ದರು.

ಕಳೆದ ವರ್ಷ ಈ ಕಾರ್ಖಾನೆಯನ್ನು ಹೊರದೇಶದ ಒಂದು ಕಂಪನಿ ಕೊಂಡುಕೊಂಡಿತು. ಬಂದ ಮೂರನೇ ತಿಂಗಳಿಗೆ ಅಲ್ಲಿಂದ ಒಂದು ಆದೇಶ. ಕೀಲಿಕೈ, ಕರೆಂಟು, ಬೆಂಕಿ ಯಾರ ಕೈಯಲ್ಲಿವೆಯೋ ಅವರಿಗೆಲ್ಲ ಮಾನಸಿಕ ಪರೀಕ್ಷೆ ಆಗಬೇಕು. ಪರರ ನೋವಿಗೆ ಮರುಗದ, ಮಾಡಿದ ತಪ್ಪಿಗೆ ಅಳುಕದ, ನಯವಾದ ಮಾತಿನಲ್ಲೇ ಮೋಸ ಮಾಡುವ ಮನಸ್ಸಿನವರು ಇರುತ್ತಾರಂತೆ. ಅಂಥವರನ್ನು ಸೈಕೋಪಾತ್ ಎನ್ನುತ್ತಾರಂತೆ. ಅವರನ್ನು ಮೊದಲೇ ಪತ್ತೆಹಚ್ಚಬೇಕಂತೆ. ಐವತ್ತು ವಾಕ್ಯಗಳು, ಪ್ರತಿಯೊಂದಕ್ಕೂ 'ಹೌದು' ಅಥವಾ 'ಅಲ್ಲ' ಎಂದು ಗುರುತು ಹಾಕಬೇಕು. 'ಹೌದು'ಗಳು ಮೂವತ್ತು ದಾಟಿದವರು ಅಪಾಯಕಾರಿ. ಆ ವಾಕ್ಯಗಳನ್ನು ಆ ದೇಶದಲ್ಲಿ ಆ ದೇಶದವರಿಗಾಗಿ ಬರೆದಿದ್ದರು. ಮೂವತ್ತು ಎಂಬ ಗೆರೆಯನ್ನೂ ಅಲ್ಲಿನ ಜೈಲಿನವರನ್ನು ನೋಡಿಯೇ ಎಳೆದಿದ್ದರು. ಕನ್ನಡವನ್ನು ಮಾತ್ರ ಕಂಪ್ಯೂಟರ್ ಮಾಡಿಕೊಟ್ಟಿತ್ತು.

ಇಪ್ಪತ್ತೆರಡು ಜನರನ್ನು ಕ್ಯಾಂಟೀನಿನಲ್ಲಿ ಕೂರಿಸಿದರು. ಎಚ್‌ಆರ್ ಮ್ಯಾನೇಜರ್ ಮೋಹನ್‌ಕುಮಾರ್ ಬಾಗಿಲಲ್ಲಿ ನಿಂತು, "ನಾನು ನಿನ್ನೆನೇ ಇಂಗ್ಲಿಷಲ್ಲಿ ಬರೆದೆ. ನಂಗೆ ಎರಡೇ ಬಂತು. ಟೆನ್ಷನ್ ಮಾಡ್ಕೋಬೇಡಿ" ಎಂದರು. ಉಳಿದವರು ಪಕ್ಕದವರ ಕಾಗದ ನೋಡಿ, ಎಲ್ಲದಕ್ಕೂ 'ಅಲ್ಲ' ಹಾಕಿದರೆ ಸಾಕು ಎಂದು ಮಾತಾಡಿಕೊಂಡು ಹತ್ತು ನಿಮಿಷಕ್ಕೇ ಎದ್ದರು. ಶಿವರಾಮಯ್ಯ ಮಾತ್ರ ಎಡಗೈಯಲ್ಲಿ ಕಾಗದ ಮುಚ್ಚಿಕೊಂಡು, ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಓದಿ, ನಿಜವನ್ನೇ ಬರೆದರು.

'ಇತರರು ಅಳುವಾಗ ನನಗೆ ಅಳು ಬರುವುದಿಲ್ಲ.' ಅಣ್ಣ ತೀರಿಕೊಂಡ ದಿನ ನೆನಪಾಯಿತು. ಹೌದು. 'ನಾಳೆಯ ಬಗ್ಗೆ ನಾನು ಚಿಂತಿಸುವುದಿಲ್ಲ.' ಅದಕ್ಕೆ ದೇವರಿದ್ದಾನೆ. ಹೌದು. 'ನನಗೆ ದೀರ್ಘಾವಧಿಯ ಗುರಿಗಳಿಲ್ಲ.' ಐವತ್ತಾರನೇ ವಯಸ್ಸಿಗೆ ಎಲ್ಲಿಯ ಗುರಿ? ಹೌದು. 'ನಾನು ಇತರರ ಆಶ್ರಯದಲ್ಲಿ ಬದುಕಿದ್ದೇನೆ.' ಏಳನೇ ಕ್ಲಾಸಿನಿಂದ ಹತ್ತರವರೆಗೆ ಗುಬ್ಬಿಯ ಸೋದರಮಾವನ ಮನೆ, ಆಮೇಲೆ ಉಚಿತ ಹಾಸ್ಟೆಲ್ಲು. ಉಂಡ ಅನ್ನ ಮರೆಯಲುಂಟೇ? ಹೌದು. 'ನಾನು ಒಂದಕ್ಕಿಂತ ಹೆಚ್ಚು ಹೆಸರುಗಳನ್ನು ಬಳಸಿದ್ದೇನೆ.' ಮಾರ್ಕ್ಸ್ ಕಾರ್ಡಿನಲ್ಲಿ ಶಿವರಾಮಯ್ಯ ಕೆ.ಆರ್., ಆಧಾರ್‌ನಲ್ಲಿ ಶಿವರಾಮ, ಪಹಣಿಯಲ್ಲಿ ಶಿವರಾಮೇಗೌಡ, ಮನೆಯಲ್ಲಿ ಪುಟ್ಟಸ್ವಾಮಿ. ಹೌದು. 'ನಾನು ಸುಲಭವಾಗಿ ಸುಳ್ಳು ಹೇಳಬಲ್ಲೆ.' ಯಾರ ಮನೆಗೆ ಹೋದರೂ ಹಸಿವಿಟ್ಟುಕೊಂಡೇ "ಊಟ ಆಯ್ತು" ಎನ್ನುವವರು ಅವರು. ಹೌದು. 'ರಕ್ತ ಕಂಡರೆ ನನಗೆ ಗಾಬರಿಯಾಗುವುದಿಲ್ಲ.' ಗಾಬರಿಯಾದರೆ ಪಟ್ಟಿ ಕಟ್ಟುವವರು ಯಾರು? ಹೌದು. 'ನಾನು ಪ್ರೀತಿಸುತ್ತೇನೆಂದು ನನ್ನ ಸಂಗಾತಿಗೆ ಹೇಳುವುದಿಲ್ಲ.' ಇದನ್ನು ಓದಿ ಅವರಿಗೆ ನಾಚಿಕೆಯಾಯಿತು. ಸುತ್ತ ನೋಡಿ, ಬೇಗ 'ಹೌದು' ಹಾಕಿ ಪುಟ ಮಗುಚಿದರು.

ಒಂದು ವಾರದ ಮೇಲೆ ಫಲಿತಾಂಶ ಬಂತು. ಶಿವರಾಮಯ್ಯನಿಗೆ ಐವತ್ತಕ್ಕೆ ನಲವತ್ತೊಂದು.

ಮೋಹನ್‌ಕುಮಾರ್ ಶಿವರಾಮಯ್ಯನನ್ನು ತಮ್ಮ ರೂಮಿಗೆ ಕರೆಸಿ, ಮೇಜಿನ ಮೇಲಿದ್ದ ಕತ್ತರಿಯನ್ನು ಡ್ರಾಯರಿಗೆ ಸೇರಿಸಿ, "ಕೂತ್ಕೊಳ್ಳಿ ಶಿವರಾಮಯ್ಯನವರೆ. ಕಾಫಿ ತರಿಸ್ಲಾ?" ಎಂದರು. ಇಪ್ಪತ್ತೆಂಟು ವರ್ಷದಲ್ಲಿ ಆ ರೂಮಿನಲ್ಲಿ ಅವರಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಮ್ಯಾನೇಜರು ಸುತ್ತಿ ಬಳಸಿ, ಪರೀಕ್ಷೆಯಲ್ಲಿ ಒಂಚೂರು ಜಾಸ್ತಿ ಬಂದಿದೆ, ಒಬ್ಬರು ಮೇಡಂ ನಿಮ್ಮ ಮನೆಗೆ ಬಂದು ಮಾತಾಡುತ್ತಾರೆ, ಅಲ್ಲಿಯವರೆಗೆ ಯಥಾಪ್ರಕಾರ ಕೆಲಸ ಮಾಡಿ ಎಂದರು. ಜಾಸ್ತಿ ಮಾರ್ಕು ಬಂದರೆ ಮನೆಗೇ ಬರುತ್ತಾರಲ್ಲ ಎಂದು ಶಿವರಾಮಯ್ಯನಿಗೆ ಒಳಗೊಳಗೇ ಸಂತೋಷವೇ ಆಯಿತು.

ಸುದ್ದಿ ಕ್ಯಾಂಟೀನಿಗೆ ಬರಲು ಕಾಲು ಗಂಟೆ ಸಾಕಾಯಿತು.

"ಏನ್ಲಾ, ನಮ್ ಶಿವರಾಮಣ್ಣ ಸೈಕೋ ಅಂತೆ ಕಣ್ಲಾ!"

"ಹೇ, ಹೋಗ್ಲೇ!"

"ನಿಜ್ವಾಗ್ಲೂ. ಐವತ್ತಕ್ಕೆ ನಲವತ್ತೊಂದು. ಫಾರಿನ್ ಜೈಲಲ್ಲಿರೋರ್ಗೂ ಅಷ್ಟು ಬರಲ್ವಂತೆ. ಅದ್ಕೇ ಅಷ್ಟು ಸೈಲೆಂಟು ಆವಯ್ಯ."

ಮಾರನೇ ದಿನ ಸ್ಟೋರಿನ ಕಿಟಕಿಯ ಮುಂದೆ ಸಾಲು ನಿಂತಿತ್ತು. ಎಲ್ಲರೂ ಸಹಿ ಹಾಕಿದರು. ಹೆಸರಿನ ಮುಂದೆ ಟೋಕನ್ ನಂಬರನ್ನೂ ಬರೆದರು. ಮಧ್ಯಾಹ್ನ ಫೋರ್ಕ್‌ಲಿಫ್ಟ್ ಓಡಿಸುವ ಶಿವರಾಜ್ ಬಂದು, ನಾಲ್ಕು ವರ್ಷದ ಹಿಂದೆ ಒಯ್ದಿದ್ದ ಡ್ರಿಲ್ ಮೆಷಿನ್ನನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೌಂಟರ್ ಮೇಲಿಟ್ಟ.

"ಮನೇಲಿ ಅಟ್ಟದ ಮೇಲಿತ್ತು ಸಾರ್. ಮರ್ತೋಗಿದ್ದೆ ಸಾರ್. ತಪ್ಪು ತಿಳ್ಕೋಬೇಡಿ ಸಾರ್."

ನಿನ್ನೆಯವರೆಗೆ ಅವನಿಗೆ ಅವರು ಶಿವರಾಮಣ್ಣ. ಈಗ ಒಂದು ಉಸಿರಿಗೆ ಮೂರು ಸಾರ್. ಶಿವರಾಮಯ್ಯ ಬೆರಗಾಗಿ ಅವನನ್ನೇ ನೋಡಿದರು. ಆ ನೋಟಕ್ಕೆ ಶಿವರಾಜ್ ಜೇಬಿನಿಂದ ಎರಡು ಡ್ರಿಲ್ ಬಿಟ್ಟುಗಳನ್ನೂ ತೆಗೆದಿಟ್ಟು ಹೋದ.

ಮೂರನೇ ದಿನ ಅವರಿಗೆ ವಿಷಯ ಗೊತ್ತಾಯಿತು. ವಾಚ್‌ಮನ್ ಮಹಾದೇವಯ್ಯ, ಅವರದೇ ವಯಸ್ಸಿನವನು, ಗೇಟಿನ ಬಳಿ ಸ್ವಲ್ಪ ದೂರದಲ್ಲೇ ನಿಂತು ಸೈಕೋಪಾತ್ ಎಂದರೇನೆಂದು ವಿವರಿಸಿದ. ಆ ಸಂಜೆ ಬಸ್ಸಿನಲ್ಲಿ ಶಿವರಾಮಯ್ಯ ಕಣ್ಣು ಮುಚ್ಚಿ ಕೂತು ತಮ್ಮೊಳಗೆಲ್ಲಾ ಹುಡುಕಿದರು. ಕ್ರೌರ್ಯ ಎಲ್ಲೂ ಕಾಣಲಿಲ್ಲ. ಆದರೆ ಹೊರದೇಶದವರು ಓದಿದವರು, ಅವರಿಗೆ ಕಂಡಿದೆ ಎಂದರೆ ಎಲ್ಲೋ ಇದ್ದೀತು. ಅಷ್ಟರಲ್ಲಿ ಯಾರೋ "ಸ್ವಲ್ಪ ಜರುಗ್ತೀರಾ?" ಎಂದರು. ಶಿವರಾಮಯ್ಯ, ಬಹುಶಃ ಜೀವಮಾನದಲ್ಲಿ ಮೊದಲ ಬಾರಿಗೆ, ಜರುಗಲಿಲ್ಲ. ಏನೂ ಆಗಲಿಲ್ಲ. ಆ ಮನುಷ್ಯ ಬೇರೆ ಸೀಟು ನೋಡಿಕೊಂಡ. ಗುಬ್ಬಿ ಬರುವವರೆಗೂ ಅವರಿಗೆ ಅದೊಂದು ಬೆರಗು.

ಹದಿನೈದು ದಿನದೊಳಗೆ ಒಂಬತ್ತು ಸ್ಪ್ಯಾನರು, ಎರಡು ಹ್ಯಾಕ್ಸಾ ಗರಗಸ, ಯಾರಿಗೂ ನೆನಪಿಲ್ಲದ ಒಂದು ಏಣಿ, ಎಲ್ಲ ವಾಪಸ್ ಬಂದವು. ಶಿವರಾಮಯ್ಯ ಅಂಗಿಯನ್ನು ಇನ್‌ಷರ್ಟ್ ಮಾಡತೊಡಗಿದರು.

ಮನೆಗೆ ಬಂದು ವಿಚಾರಿಸಬೇಕಾಗಿದ್ದ ಮೇಡಂ ಹೆಸರು ಸುಶ್ಮಿತಾ. ಕುಣಿಗಲ್ ಕಡೆಯ ಹುಡುಗಿ, ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಈ ಪರೀಕ್ಷೆ ನಡೆಸುವ ಏಜೆನ್ಸಿಯಲ್ಲಿ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಹೆಚ್ಚು ಅಂಕ ಬಂದವರ ಬಗ್ಗೆ ಮನೆಯವರನ್ನೂ ಕೇಳಿ ಖಚಿತಪಡಿಸಿಕೊಳ್ಳಬೇಕು ಎಂಬುದು ನಿಯಮ. ಆದರೆ ಏಕೆ ಕೇಳುತ್ತಿದ್ದೇವೆ ಎಂದು ಮೊದಲೇ ಹೇಳುವ ಹಾಗಿಲ್ಲ. ಶನಿವಾರ, ಶಿವರಾಮಯ್ಯ ಕೆಲಸದಲ್ಲಿದ್ದಾಗ, ಅವಳು ಸ್ಕೂಟರಿನಲ್ಲಿ ಕಡಬಕ್ಕೆ ಬಂದಳು. ನಲವತ್ತೊಂದು ಅಂಕದವನ ಹೆಂಡತಿ ಎಷ್ಟು ನೊಂದಿರಬಹುದೋ ಎಂದು ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ.

ಗಂಗಲಕ್ಷ್ಮಮ್ಮ ಅಂಗಳದಲ್ಲಿ ಕೊಬ್ಬರಿ ಒಣಗಿಸುತ್ತಿದ್ದರು. ಫ್ಯಾಕ್ಟರಿಯಿಂದ ಬಂದವಳು ಎಂದ ಕೂಡಲೇ ಚಾಪೆ ಹಾಸಿ, ಮಜ್ಜಿಗೆ ಕೊಟ್ಟರು. ಪಕ್ಕದ ಮನೆಯ ಪುಟ್ಟಗಂಗಮ್ಮ ಕರೆಯದೆಯೇ ಬಂದು ಕೂತರು.

"ಅಮ್ಮಾ, ನಿಮ್ ಯಜಮಾನ್ರ ಬಗ್ಗೆ ಒಂದಿಷ್ಟು ಕೇಳ್ಬೇಕಿತ್ತು. ಮನಸ್ಸಿಗೆ ಬಂದದ್ದು ಹೇಳಿ. ನಿಮ್ಗೆ ಹುಷಾರಿಲ್ಲ ಅಂದಾಗ ಅವ್ರು ಹೇಗ್ ನಡ್ಕೋತಾರೆ?"

ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಗಂಗಲಕ್ಷ್ಮಮ್ಮನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ, ಅದೂ ಪೆನ್ನು ಹಿಡಿದುಕೊಂಡು.

"ಏನ್ ಹೇಳ್ಲಿ ತಾಯಿ! ಕಲ್ಲೆದೆ ಕಣವ್ವ ಆವಯ್ಯಂದು, ಕಲ್ಲು! ನಾನು ಜ್ವರ ಬಂದು ಮಲಗಿದ್ರೆ ಹೆಂಗಿದೀಯ ಅಂತ ಒಂದ್ ಮಾತು ಇಲ್ಲ. ಸುಮ್ನೆ ಹೋಗಿ ಗಂಜಿ ಮಾಡ್ಕೊಂಡ್ ಬಂದು ಮುಂದೆ ಮಡಗಿ ಹೋಗದು!"

ಸುಶ್ಮಿತಾ ಬರೆದುಕೊಂಡಳು. ಭಾವನಾತ್ಮಕ ಶೂನ್ಯತೆ.

"ಮಾಡಿದ ತಪ್ಪಿಗೆ ಬೇಜಾರು ಮಾಡ್ಕೋತಾರಾ?"

"ಎಲ್ಲಿ! ತಪ್ಪಾಯ್ತು ಅಂತ ಆ ಬಾಯಲ್ಲಿ ಒಂದಿನಾನೂ ಬಂದಿಲ್ಲ. ಜಗಳ ಆದ್ರೆ ಮಾತೇ ಆಡಲ್ಲ. ಸಂಜಿಕೆ ಒಂದ್ ಮೊಳ ಮಲ್ಗೆ ಹೂವ ತಂದು ಗೂಟಕ್ಕೆ ಸಿಗಾಕ್ತಾರೆ, ಅಷ್ಟೇಯ."

"ನಮ್ಮನೇ ಆವಯ್ಯ ಅದೂ ತರಲ್ಲ" ಎಂದರು ಪುಟ್ಟಗಂಗಮ್ಮ. "ಬರ್ಕೊಳವ್ವ, ನಮ್ಮೋರ್ದೂ ಬರ್ಕೊ."

ಹೀಗೆ ಒಂದು ಗಂಟೆ ನಡೆಯಿತು. ಇಬ್ಬರು ಹೆಂಗಸರಿಗೂ ಹಗುರವಾಗಿ ಮುಖವೆಲ್ಲಾ ಅರಳಿತ್ತು. ಸುಶ್ಮಿತಾ ಕೂಡಿ ನೋಡಿದಳು. ಶಿವರಾಮಯ್ಯನ ಅಂಕ ನಲವತ್ತಾರಕ್ಕೆ ಏರಿತ್ತು. ಪರೀಕ್ಷೆಯನ್ನೇ ಬರೆಯದ ಪುಟ್ಟಗಂಗಮ್ಮನ ಗಂಡನಿಗೆ ನಲವತ್ತೆಂಟು.

ಮಜ್ಜಿಗೆಯ ಎರಡನೇ ಲೋಟ ತರುತ್ತಾ ಗಂಗಲಕ್ಷ್ಮಮ್ಮ ಕೇಳಿದರು, "ಇದ್ಯಾಕವ್ವ ಇದೆಲ್ಲ? ಬಹುಮಾನ ಗಿಹುಮಾನ ಕೊಡ್ತಾರಾ?"

ಮುಚ್ಚಿಟ್ಟುಕೊಂಡು ಹೊರಡಲು ಸುಶ್ಮಿತಾಳಿಗೆ ಮನಸ್ಸಾಗಲಿಲ್ಲ. ನಿಧಾನವಾಗಿ ವಿಷಯ ಹೇಳಿದಳು. ಕೆಲಸಕ್ಕೆ ಕುತ್ತು ಬರಬಹುದು ಎಂಬುದನ್ನೂ ಹೇಳಿದಳು. ಗಂಗಲಕ್ಷ್ಮಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗೆ ಕುಕ್ಕಿದರು.

"ಯಾರು? ನಮ್ಮನೇವ್ರಾ? ಅಯ್ಯೋ, ಹೊಡ್ದಾಕ್ಬುಡವ್ವ ಅದನ್ನೆಲ್ಲ! ನಾನು ಸುಮ್ನೆ ಬಾಯ್ ತೀಟೆಗೆ ಅಂದೆ! ಆವಯ್ಯ ದೇವ್ರಂಥ ಮನುಷ್ಯ. ಯಾರ್ ಏನ್ ಕೇಳಿದ್ರೂ ಇಲ್ಲ ಅನ್ನಲ್ಲ. ಮಾತಲ್ಲೇ ಎಂಥೋರ್ನೂ ಒಲಿಸ್ಕೋತಾರೆ! ಒಂದ್ ಸಲ ನೋಡಿದೋರು ಮರುಳಾಗ್ಬೇಕು, ಹಂಗೆ!"

ಸುಶ್ಮಿತಾ ಹಾಳೆ ನೋಡಿಕೊಂಡಳು. 'ಮೇಲ್ನೋಟದ ಮೋಡಿ, ಮಾತಿನಿಂದ ಮರುಳು ಮಾಡುವಿಕೆ' ಎಂಬ ಸಾಲಿಗೆ ಇನ್ನೂ ಗುರುತು ಬಿದ್ದಿರಲಿಲ್ಲ.

"ಅಮ್ಮಾ, ದಯವಿಟ್ಟು ಇನ್ನೇನೂ ಹೇಳ್ಬೇಡಿ" ಎಂದಳು.

ಸ್ಕೂಟರು ಹತ್ತಿ ಹೊರಟವಳಿಗೆ ಕಡಬದ ಕೆರೆ ಏರಿ ದಾಟುವಷ್ಟರಲ್ಲಿ ನಗು ಬಂತು. ಗುಬ್ಬಿ ಮುಟ್ಟುವಷ್ಟರಲ್ಲಿ ಭಯವಾಯಿತು. ತನ್ನ ಕೈಯಲ್ಲಿರುವ ಅಳತೆಗೋಲು ಅಳೆಯುತ್ತಿರುವುದಾದರೂ ಏನನ್ನು?

ಮಾರನೇ ದಿನ ಭಾನುವಾರ. ಅವಳು ಮಾರ್ಕೋನಹಳ್ಳಿಯ ಅಜ್ಜಿಯ ಮನೆಗೆ ಹೋದಳು. ಅಪ್ಪ ರಂಗನಾಥ್, ಕುಣಿಗಲ್‌ನ ಹೈಸ್ಕೂಲ್ ಮೇಷ್ಟ್ರು, ಅವರೂ ಬಂದಿದ್ದರು. ಊಟವಾದ ಮೇಲೆ ಅದೇ ಐವತ್ತು ವಾಕ್ಯಗಳನ್ನು ಅಜ್ಜಿ ಕದರಮ್ಮನಿಗೆ ಒಂದೊಂದಾಗಿ ಓದಿ ಹೇಳಿದಳು.

"ನಿಯಮಗಳು ಇತರರಿಗೆ, ನನಗಲ್ಲ. ಹೌದಾ ಅಲ್ವಾ ಅಜ್ಜಿ?"

"ಹೌದು ಮತ್ತೆ. ನಂಗೆ ಎಂಬತ್ತು ವರ್ಷ. ಇನ್ಯಾರ್ ಕಣೇ ನಂಗೆ ನಿಯಮ ಹೇಳೋರು?"

"ಸಾಯೋದಕ್ಕೆ ನನಗೆ ಭಯವಿಲ್ಲ?"

"ಯಾಕ್ ಭಯ? ಸೀರೆ ಸೈತ ತೆಗ್ದಿಟ್ಟಿದೀನಿ."

ಅಜ್ಜಿಗೆ ಮೂವತ್ತೊಂಬತ್ತು. ಮೇಷ್ಟ್ರಿಗೆ ಮೂವತ್ತನಾಲ್ಕು. ಕೊನೆಗೆ ಸುಶ್ಮಿತಾ ತಾನೇ ಬರೆದಳು. ಮೊದಲು ಇಂಗ್ಲಿಷಿನಲ್ಲಿ, ಹನ್ನೆರಡು ಬಂತು. ಅರ್ಧ ಗಂಟೆ ಬಿಟ್ಟು, ಅಷ್ಟೇ ಪ್ರಾಮಾಣಿಕವಾಗಿ, ಕನ್ನಡದಲ್ಲಿ. ಮೂವತ್ತಮೂರು. ಮಧ್ಯೆ ಅವಳು ಮಾಡಿದ್ದು ಒಂದು ಲೋಟ ಕಾಫಿ ಕುಡಿದದ್ದಷ್ಟೇ.

ಸೋಮವಾರ ಅವಳು ಸೀದಾ ಸ್ಟೋರಿಗೆ ಹೋಗಿ ಶಿವರಾಮಯ್ಯನ ಎದುರು ಸ್ಟೂಲ್ ಹಾಕಿಕೊಂಡು ಕೂತಳು. ಒಂದೊಂದು ವಾಕ್ಯವನ್ನೂ ಓದಿ, ಯಾಕೆ 'ಹೌದು' ಹಾಕಿದಿರಿ ಎಂದು ಕೇಳಿದಳು. ಹೆಸರುಗಳ ಕತೆ ಕೇಳಿ ಇಬ್ಬರೂ ನಕ್ಕರು. ಅಳುವಿನ ವಾಕ್ಯಕ್ಕೆ ಬಂದಾಗ ಶಿವರಾಮಯ್ಯ ಕೀಲಿಕೈ ಗೊಂಚಲನ್ನು ಕೌಂಟರ್ ಮೇಲಿಟ್ಟರು.

"ನಮ್ಮಣ್ಣ ಹೋದಾಗ ಎಲ್ರೂ ಅಳ್ತಾ ಇದ್ರು ಮೇಡಂ. ಸೌದೆ ಹೇಳ್ಬೇಕು, ದೂರದೋರಿಗೆ ಫೋನ್ ಮಾಡ್ಬೇಕು, ಅತ್ತಿಗೆ ಮಕ್ಳಿಗೆ ಒಂದ್ ತುತ್ತು ತಿನ್ನಿಸ್ಬೇಕು. ಒಬ್ರಾದ್ರೂ ಅಳ್ದೆ ಇರ್ಬೇಕಲ್ಲ. ಸರಿ, ನಾನು ಅಳ್ಲಿಲ್ಲ. ಆಮೇಲೆ ಅಳಣ ಅಂದ್ರೆ ಎಲ್ರೂ ಅತ್ತು ಮುಗ್ಸಿದ್ರು. ಒಬ್ನೇ ಹೆಂಗ್ ಅಳೋದು?"

ಸುಶ್ಮಿತಾ ಪೆನ್ನು ಕೆಳಗಿಟ್ಟಳು. ಆಮೇಲೆ ಆ ಸಾಲಿನ ಮುಂದೆ ಅವರ ಮಾತನ್ನು ಇದ್ದ ಹಾಗೇ ಬರೆದಳು.

ಅವಳ ವರದಿ ಹನ್ನೊಂದು ಪುಟ ಆಯಿತು. ಐವತ್ತರಲ್ಲಿ ಇಪ್ಪತ್ತಾರು ವಾಕ್ಯಗಳು ಇಲ್ಲಿನವರಿಗೆ ಬೇರೆಯೇ ಅರ್ಥ ಕೊಡುತ್ತಿವೆ. ಇಲ್ಲಿನ ನೂರಾರು ಜನರ ಮೇಲೆ ಪರೀಕ್ಷಿಸದೆ ಮೂವತ್ತು ಎಂಬ ಗೆರೆಯನ್ನು ಇಲ್ಲಿಗೆ ತರಲಾಗದು. ನಲವತ್ತೊಂದು ಎಂಬುದು ಶಿವರಾಮಯ್ಯನ ಬಗ್ಗೆ ಏನನ್ನೂ ಹೇಳುವುದಿಲ್ಲ. ಇಷ್ಟು ಅದರ ಸಾರ. ಮೋಹನ್‌ಕುಮಾರ್ ಓದಿ ಹುಬ್ಬು ಗಂಟಿಕ್ಕಿದರು.

"ಹಾಗಾದ್ರೆ ನನ್ನ ಎರಡು ಮಾರ್ಕು?"

"ಅದೂ ಏನೂ ಹೇಳಲ್ಲ ಸರ್. ನಾನು ಒಮ್ಮೆಯೂ ಸುಳ್ಳು ಹೇಳಿಲ್ಲ ಅಂತ ಹಾಕಿದೀರಿ. ಯಾವತ್ತೂ ಯಾರ್ ಮೇಲೂ ಕೋಪ ಬಂದಿಲ್ಲ ಅಂತಾನೂ ಹಾಕಿದೀರಿ. ಉತ್ತರ ಏನಿರ್ಬೇಕು ಅಂತ ನಿಮ್ಗೆ ಗೊತ್ತಿತ್ತು, ಅಷ್ಟೇ."

"ಎಲ್ಲಿ ಸುಳ್ಳು ಹೇಳಿದೀನ್ರೀ ನಾನು?" ಎಂದು ಮೋಹನ್‌ಕುಮಾರ್ ಕೋಪದಿಂದ ಕೇಳಿದರು.

ಹೊರದೇಶದವರು ಮಾತ್ರ ವರದಿ ಓದಿ, ಹೌದು, ನಮ್ಮಲ್ಲೂ ಕೆಲವರು ಇದನ್ನೇ ಹೇಳುತ್ತಿದ್ದಾರೆ ಎಂದು ಎರಡು ಸಾಲು ಬರೆದು ಪರೀಕ್ಷೆಯನ್ನು ಕೈಬಿಟ್ಟರು. ಶಿವರಾಮಯ್ಯನ ಬಗ್ಗೆ ಹಬ್ಬಿದ ಮಾತು ಸುಳ್ಳು ಎಂದು ನೋಟಿಸ್ ಬೋರ್ಡಿಗೆ ಹಾಕಬೇಕು ಎಂದು ಸುಶ್ಮಿತಾ ಹಟ ಹಿಡಿದಳು. ಆ ನೋಟಿಸನ್ನು ತಾನೇ ಟೈಪ್ ಮಾಡಿಸಿ, ಸಂತೋಷದ ಸುದ್ದಿ ಎಂದು ಸ್ಟೋರಿಗೆ ಒಯ್ದು ಓದಿ ಹೇಳಿದಳು.

ಶಿವರಾಮಯ್ಯ ಕೇಳಿ ಕೈಮುಗಿದರು. ಆಮೇಲೆ ಕಿಟಕಿಯಿಂದ ಆಚೀಚೆ ನೋಡಿ, ದನಿ ತಗ್ಗಿಸಿ, "ಮೇಡಂ, ಇದನ್ನ ಒಂದ್ ತಿಂಗ್ಳು ತಡೆದು ಹಾಕಿದ್ರೆ ಆಗಲ್ವಾ?" ಎಂದರು.

"ಯಾಕೆ ಸರ್?"

"ಮಾರ್ಚಲ್ಲಿ ಸ್ಟಾಕ್ ಚೆಕಿಂಗ್ ಐತೆ. ಇನ್ನೂ ಎರಡು ವೆಲ್ಡಿಂಗ್ ಹೆಲ್ಮೆಟ್ಟು ಬರ್ಬೇಕು."

ಅವಳು ನಕ್ಕು, ಕಾಗದವನ್ನು ಅವರ ಡ್ರಾಯರಿನಲ್ಲೇ ಬಿಟ್ಟು ಹೋದಳು. "ನಿಮ್ದು ನೋಟಿಸು. ಯಾವಾಗ್ ಬೇಕೋ ಆವಾಗ ಹಾಕ್ಸಿ."

ಹತ್ತು ದಿನ ಅದು ಅಲ್ಲೇ ಇತ್ತು. ಒಂದು ಹೆಲ್ಮೆಟ್ಟೂ ಬಂತು.

ಹನ್ನೊಂದನೇ ದಿನ ಮಧ್ಯಾಹ್ನ ಶಿವರಾಮಯ್ಯ ಬೀಡುಕಬ್ಬಿಣ ಕತ್ತರಿಸುವ ವಿಭಾಗದ ಕಡೆ ಹೋಗಿದ್ದಾಗ, ಪ್ಯಾಕಿಂಗ್‌ನ ರಂಗಲಕ್ಷ್ಮಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಎಡಗೈಗೆ ಗ್ರೀಸ್ ಒರೆಸುವ ಬಟ್ಟೆ ಸುತ್ತಿಕೊಂಡಿದ್ದಳು. ಬಟ್ಟೆ ಕೆಂಪಾಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಏನವ್ವ ಇದು? ಎಷ್ಟೊತ್ತಾಯ್ತು?" ಶಿವರಾಮಯ್ಯ ಓಡಿ ಹೋಗಿ ಡಬ್ಬ ತಂದರು. ಅವರು ಹತ್ತಿರ ಬರುತ್ತಿದ್ದಂತೆ ಅವಳು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡಿ ಸಾರ್. ಏನಾಗಿಲ್ಲ ಸಾರ್. ನಂದೇ ತಪ್ಪು ಸಾರ್."

ಮೂರು ವರ್ಷದ ಹಿಂದೆ ಇದೇ ಹೆಂಗಸು ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಾ, "ಒಸಿ ಮೆತ್ತಗೆ ಶಿವರಾಮಣ್ಣ, ಬಟ್ಟೆ ಒಗೆಯಂಗೆ ಹಿಂಡ್ಬೇಡ" ಎಂದು ಬೈದಿದ್ದಳು. ಶಿವರಾಮಯ್ಯ ಡಬ್ಬವನ್ನು ನೆಲದ ಮೇಲಿಟ್ಟರು. ಬೇರೆ ಇಬ್ಬರು ಹೆಂಗಸರನ್ನು ಕರೆದು ಅವಳ ಪಕ್ಕ ನಿಲ್ಲಿಸಿ, ಗಾಯ ತೊಳೆದು ಪಟ್ಟಿ ಕಟ್ಟಿದರು. ಕಟ್ಟುವಷ್ಟು ಹೊತ್ತೂ ಅವಳು ಪಕ್ಕದವಳ ಸೆರಗು ಬಿಡಲಿಲ್ಲ. ಅದು ನೋವಿಗಲ್ಲ ಎಂದು ಅವರಿಗೆ ಗೊತ್ತಿತ್ತು. ಹೊಲಿಗೆ ಬೇಕೆಂದು ಅವಳನ್ನು ಆಸ್ಪತ್ರೆಗೆ ಕಳಿಸಿ, ಸ್ಟೋರಿಗೆ ಬಂದು, ಡ್ರಾಯರ್ ಎಳೆದು, ಕಾಗದ ತೆಗೆದುಕೊಂಡು ಎಚ್‌ಆರ್ ರೂಮಿಗೆ ನಡೆದರು. ಬಾಗಿಲು ತಟ್ಟಲಿಲ್ಲ.

"ಸಾರ್, ಇದನ್ನ ಈಗ್ಲೇ ಹಾಕ್ಸಿ."

"ಸ್ಟಾಕ್ ಚೆಕಿಂಗ್ ಆದ್ಮೇಲೆ ಅಂತ ಸುಶ್ಮಿತಾ ಹೇಳಿದ್ರು…"

"ಹೆಲ್ಮೆಟ್ ಹೋದ್ರೆ ಹೋಯ್ತು ಸಾರ್. ಈಗ್ಲೇ ಹಾಕ್ಸಿ."

ಮೋಹನ್‌ಕುಮಾರ್ ಎದ್ದು ತಾವೇ ಹೋಗಿ ಪಿನ್ ಚುಚ್ಚಿ ಬಂದರು.

ನೋಟಿಸನ್ನು ಜನ ಓದಿದರು. ಮೊದಲೆರಡು ದಿನ ನಂಬಲಿಲ್ಲ. ಮೂರನೇ ದಿನ ಶಿವರಾಜ್ ಕಿಟಕಿಗೆ ಬಂದು, ಪರೀಕ್ಷೆ ಮಾಡುವವನ ಹಾಗೆ, ಮೆಲ್ಲಗೆ "ಶಿವರಾಮಣ್ಣ" ಎಂದ.

"ಏನ್ಲಾ?" ಎಂದರು ಶಿವರಾಮಯ್ಯ.

ಅವನ ಮುಖ ಬಿಚ್ಚಿಕೊಂಡಿತು. ಇಪ್ಪತ್ತನೇ ನಂಬರ್ ಸ್ಪ್ಯಾನರ್ ಕೇಳಿದ. ಶಿವರಾಮಯ್ಯ ಸ್ಪ್ಯಾನರ್ ಕೊಟ್ಟು, ರಿಜಿಸ್ಟರನ್ನೂ ಪೆನ್ನನ್ನೂ ಅವನ ಮುಂದೆ ತಳ್ಳಿದರು. "ಆಮೇಲೆ ಹಾಕ್ತೀನಿ ಬುಡಣ್ಣ" ಎಂದು ಅವನು ಅರ್ಧ ತಿರುಗಿದ. ಸ್ಪ್ಯಾನರಿನ ಇನ್ನೊಂದು ತುದಿಯನ್ನು ಶಿವರಾಮಯ್ಯ ಬಿಟ್ಟಿರಲಿಲ್ಲ. ಕಿಟಕಿಯ ಒಳಗೊಬ್ಬರು, ಹೊರಗೊಬ್ಬರು, ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಹಿಂದೆ ಸಾಲಿನಲ್ಲಿ ನಿಂತವರು ನಗತೊಡಗಿದರು.

"ಅಣ್ಣ, ನೀನು ನಾರ್ಮಲ್ ಅಂತ ಬೋರ್ಡಲ್ಲಿ ಹಾಕವ್ರೆ ಕಣಣ್ಣ" ಎಂದ ಶಿವರಾಜ್.

"ನಾರ್ಮಲ್ಲೇ ಕಣೋ" ಎಂದರು ಶಿವರಾಮಯ್ಯ. "ಸೈನ್ ಹಾಕು."